ಏಂಜಲ್ ಮೀನಿಗೆ ಬಿಳಿ ಚುಕ್ಕೆ: ಬೆಳಗಾವಿ ಮಳೆ, ಸುಳ್ಳು ಹೀಟರ್, ದುಬಾರಿ ಉಪ್ಪು

ಸ್ವಲ್ಪ ಹತ್ತಿರ ಹೋಗುತ್ತೇನೆ, ಫೋಕಸ್ ಆಗಲಿ. ಹಾಂ, ಈಗ ನೋಡಿ. ಏಂಜಲ್‌ನ ಮೇಲಿನ ರೆಕ್ಕೆಯ ಅಂಚಿಗೆ, ಆಮೇಲೆ ಬಾಲದ ಬುಡಕ್ಕೆ, ಯಾರೋ ರವೆ ಉದುರಿಸಿದ ಹಾಗೆ ಬಿಳಿ ಬಿಳಿ ಕಾಣುತ್ತಿದೆ ಅಲ್ವಾ, ಅದೇ ಸಮಾಚಾರ. ನಿನ್ನೆ ಇಷ್ಟು ಇರಲಿಲ್ಲ. ಹಿಂದೆ ಓಡಾಡುತ್ತಿರುವ ಟೆಟ್ರಾ ಮೀನುಗಳಿಗೂ ಒಂದೊಂದು ಅಂಟಿದೆ. ಕೆಳಗೆ ಮರಳಲ್ಲಿ ಮೂತಿ ತೂರಿಸಿಕೊಂಡು ಕೂತಿರುವ ಕೋರಿಡೋರಾಸ್ ಮೀನು ಮಾತ್ರ ಆರಾಮ್.

ಅಗೋ, ಪೈಪಿಗೆ ಮೈ ಉಜ್ಜಿತು! ಸಿಕ್ಕಿತಾ ಶಾಟ್? ಸಿಕ್ಕಿತು. ಚುಕ್ಕೆ ಕಾಣುವ ಮೊದಲೇ ಮೀನು ಹೀಗೆ ಅಲ್ಲಿ ಇಲ್ಲಿ ಮೈ ತಿಕ್ಕಲು ಶುರು ಮಾಡುತ್ತದೆ. ರೆಕ್ಕೆ ಮುದುಡಿಕೊಳ್ಳುತ್ತದೆ. ಕಿವಿರಿನೊಳಗೆ ಹತ್ತಿದ್ದರಂತೂ ಹೊರಗೆ ಒಂದು ಚುಕ್ಕೆಯೂ ಕಾಣುವುದಿಲ್ಲ, ಮೀನು ಸುಮ್ನೆ ಮೇಲೆ ಬಂದು ಏದುಸಿರು ಬಿಡುತ್ತಿರುತ್ತದೆ.

ಈಗ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಅಡ್ಡ ಹಿಡಿದಿದ್ದೇನೆ. ವೆಲ್ವೆಟ್ ಅಂತ ಇನ್ನೊಂದು ರೋಗ ಇದೆ. ಅದರಲ್ಲಿ ಮೈಮೇಲೆ ಹೊಂಬಣ್ಣದ ಸಣ್ಣ ಪುಡಿ ಕಾಣುತ್ತದೆ, ಇಷ್ಟು ದಪ್ಪ ಇರುವುದಿಲ್ಲ. ನಮ್ಮದು ಬಿಳಿ, ಬಿಡಿಬಿಡಿ, ಹೆಚ್ಚೆಂದರೆ ಒಂದು ಮಿಲಿಮೀಟರ್. ಹಾಗಾಗಿ ಇದು ವೈಟ್ ಸ್ಪಾಟ್, ಮೀನು ಸಾಕುವವರು ಇಕ್ ಅನ್ನುತ್ತಾರೆ. ರೋಗ ತರುವ ಪರಜೀವಿಯ ಪೂರ್ತಿ ಹೆಸರು ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಯಿಸ್, 1876ರಲ್ಲಿ ಫೂಕೆ ಅನ್ನುವ ವಿಜ್ಞಾನಿ ಇಟ್ಟಿದ್ದು. ಒಂದೇ ಉಸಿರಿಗೆ ಹೇಳಿದೆ, ಎಡಿಟ್ ಮಾಡಿಲ್ಲ.

ಬಂದಿದ್ದು ಹೇಗೆ? ನಮ್ಮ ತಮ್ಮನ ಕೃಪೆ. ಖಡೇಬಜಾರ್ ಕಡೆ ಹೋದವನು ಹೊಸ ಟೆಟ್ರಾ ತಂದು, ಕವರ್ ಕತ್ತರಿಸಿ ಸೀದಾ ಟ್ಯಾಂಕಿಗೆ ಸುರಿದ. ಕೇಳಿದರೆ "ಚಂದ ಅದಾವು ಅಂತ ತಂದೆ" ಅಂದ. ಆದರೆ ಪೂರ್ತಿ ಅವನ ತಲೆಗೇ ಕಟ್ಟಲು ಆಗುವುದಿಲ್ಲ. ಬೆಳಗಾವಿ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ವಿಜಯಪುರದ ಅಕ್ಕನಿಗೆ ಟ್ಯಾಂಕಿನ ನೀರು ಬಿಸಿಯಾಗುವುದೇ ಚಿಂತೆ, ನಮಗೆ ಉಲ್ಟಾ. ಜುಲೈ ಬಂತೆಂದರೆ ಟ್ಯಾಂಕ್ ತಣ್ಣಗಾಗುತ್ತದೆ, ನಡುವೆ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಏಂಜಲ್ ಅಮೆಜಾನ್ ನದಿ ಕಡೆಯ ಮೀನು. ತಂಪಿಗೆ ಸೊರಗಿದರೆ ರೋಗಕ್ಕೆ ಸಲೀಸು.

ಹೀಟರ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಡಯಲ್ ನೋಡಿ, 26. ನೀರಲ್ಲಿರುವ ಗಾಜಿನ ಥರ್ಮಾಮೀಟರ್ ನೋಡಿ, 23. ಹೊರಗೆ ಅಂಟಿಸಿದ ಸ್ಟಿಕ್ಕರ್ 25 ಅನ್ನುತ್ತಿದೆ. ಗಾಜಿನದನ್ನೇ ನಂಬುತ್ತೇನೆ. ಖಾತ್ರಿ ಮಾಡಿಕೋ ಅಂತ ಅವ್ವ ಜ್ವರ ನೋಡುವ ಹಳೆಯ ಪಾದರಸದ ಥರ್ಮಾಮೀಟರ್ ತಂದುಕೊಟ್ಟಳು. ಅದರ ಅಂಕಿ ಶುರುವಾಗುವುದೇ 35ಕ್ಕೆ. ಅಷ್ಟು ಏರುವ ಹೊತ್ತಿಗೆ ಮೀನು ಸಾರಾಗಿರುತ್ತದೆ ಅವ್ವಾ.

ಇರಲಿ, ಈ ರೋಗಕ್ಕೆ ನೀರಿಗೆ ಹಾಕುವ ಉಪ್ಪಿನ ಕಥೆ ಹೇಳಲೇಬೇಕು, ಇನ್ನೂ ಸಿಟ್ಟು ಇಳಿದಿಲ್ಲ. ಮೀನಿನ ಅಂಗಡಿಗೆ ಹೋಗಿ ಉಪ್ಪು ಕೊಡಿ ಅಂದೆ. ಅಕ್ವೇರಿಯಂ ಸಾಲ್ಟ್ ಅಂತ ಒಂದು ಪ್ಯಾಕೆಟ್ ಇಟ್ಟರು. ಮೇಲೆ ಬಣ್ಣಬಣ್ಣದ ಮೀನಿನ ಚಿತ್ರ, ಅದೂ ಸಮುದ್ರದ ಮೀನು! ರೇಟು 180 ರೂಪಾಯಿ. ಒಂದು ಕಿಲೋ ಕೂಡ ಇಲ್ಲ. ಹಿಂದೆ ತಿರುಗಿಸಿ ಓದಿದರೆ ಸೋಡಿಯಂ ಕ್ಲೋರೈಡ್ ಅಂತ ಬರೆದಿದೆ, ಮುಂದೆ ಏನೂ ಇಲ್ಲ.

"ಅಣ್ಣಾ, ಇದು ನಮ್ಮ ಹರಳುಪ್ಪು ಅಲ್ಲೇನ್ರೀ?"

"ಇಲ್ರೀ, ಇದು ಮೀನಿಂದು. ಬ್ಯಾರೇನ ಇರ್ತದ."

"ಏನ್ ಬ್ಯಾರೆ?"

"ಮೀನಿಂದು ರೀ."

ಮುಗಿಯಿತು. ಪ್ಯಾಕೆಟ್ ಅಲ್ಲೇ ಇಟ್ಟು ಪಕ್ಕದ ಕಿರಾಣಿ ಅಂಗಡಿಯಲ್ಲಿ 20 ರೂಪಾಯಿಗೆ ಒಂದು ಕಿಲೋ ಹರಳುಪ್ಪು ತಂದೆ. ಅಯೋಡಿನ್ ಇದ್ದರೆ ಮೀನು ಸಾಯುತ್ತದೆ ಅಂತ ಹೆದರಿಸುವವರು ಇದ್ದಾರೆ. ಕಿಲೋ ಉಪ್ಪಿಗೆ ಹಾಕುವ ಅಯೋಡಿನ್ 30 ಮಿಲಿಗ್ರಾಂ ಆಸುಪಾಸು, ನಾವು ಟ್ಯಾಂಕಿಗೆ ಹಾಕುವುದು ಹಿಡಿಯಷ್ಟು ಉಪ್ಪು, ಲೆಕ್ಕ ನೀವೇ ಹಾಕಿ. ಟ್ಯಾಂಕ್ ಎರಡಡಿ ಉದ್ದ, ಅಗಲ ಎತ್ತರ ಒಂದೊಂದು ಅಡಿ. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರು. ಲೀಟರಿಗೆ 2 ಗ್ರಾಂ ಅಂದರೆ 90 ಗ್ರಾಂ. ಎರಡು ರೂಪಾಯಿಯ ಉಪ್ಪು ಕೂಡ ಆಗಲಿಲ್ಲ! ಆ ಪ್ಯಾಕೆಟ್ ಮಾಡುವವರ ಧೈರ್ಯ ಮೆಚ್ಚಬೇಕು.

ಮಗ್ಗಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕುತ್ತಿದ್ದೇನೆ, ಒಂದೇ ಸಲ ಅಲ್ಲ. ಗಿಡಗಳನ್ನು ಬಕೆಟ್ಟಿಗೆ ಹಾಕಿದ್ದೇನೆ, ಅವಕ್ಕೆ ಉಪ್ಪು ಆಗಿಬರುವುದಿಲ್ಲ. ಕೋರಿಡೋರಾಸ್‌ಗೂ ಜಾಸ್ತಿ ಉಪ್ಪು ಬೇಡ, ಅದಕ್ಕೇ 2 ಗ್ರಾಂ ದಾಟಿಸುವುದಿಲ್ಲ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಉಪ್ಪು.

ಈಗ ಮುಖ್ಯ ವಿಷಯ. ಕಣ್ಣಿಗೆ ಕಾಣುವ ಈ ಚುಕ್ಕೆಗೆ ಯಾವ ಔಷಧಿಯೂ ತಾಗುವುದಿಲ್ಲ. ಆ ಪರಜೀವಿ ಮೀನಿನ ಚರ್ಮದ ಒಳಗೆ ಕೂತು ತಿನ್ನುತ್ತಿರುತ್ತದೆ, ಮೇಲೆ ಚರ್ಮದ್ದೇ ಹೊದಿಕೆ. ಬೆಳೆದು ಉದುರಿ ಮರಳಿಗೆ ಬೀಳುತ್ತದೆ, ಸುತ್ತ ಒಂದು ಕವಚ ಕಟ್ಟಿಕೊಂಡು ಒಳಗೇ ಒಡೆದು ನೂರಾರು ಮರಿ ಆಗುತ್ತದೆ. ಆ ಮರಿಗಳು ಈಜಿಕೊಂಡು ಮೀನು ಹುಡುಕುತ್ತವೆ. ಎರಡು ದಿನದ ಆಸುಪಾಸಿನಲ್ಲಿ ಸಿಗದಿದ್ದರೆ ಸಾಯುತ್ತವೆ. ಉಪ್ಪೋ ಔಷಧಿಯೋ, ಏಟು ಬೀಳುವುದು ಈ ಈಜುವ ಮರಿಗಳಿಗೆ ಮಾತ್ರ. ತಣ್ಣೀರಲ್ಲಿ ಈ ಸುತ್ತು ವಾರಗಟ್ಟಲೆ ಎಳೆಯುತ್ತದೆ, 25 ಡಿಗ್ರಿ ಮೇಲೆ ಕೆಲವೇ ದಿನ. ಅದಕ್ಕೇ ನೀರು ಬಿಸಿ ಮಾಡುವುದು, ಬೇಗ ಉದುರಲಿ, ಬೇಗ ಸಾಯಲಿ ಅಂತ. 30 ಮುಟ್ಟಿದರೆ ಅದಕ್ಕೆ ಸಂತಾನ ಬೆಳೆಸುವುದೂ ಕಷ್ಟ. ನಮ್ಮ ಸುಳ್ಳು ಹೀಟರಿನ ಡಯಲ್ಲನ್ನು 33ರ ತನಕ ತಿರುಗಿಸಬೇಕು, ಆಗ ನೀರು 30. ಬೆಳಿಗ್ಗೆ ಒಂದು ಡಿಗ್ರಿ, ಸಂಜೆ ಒಂದು ಡಿಗ್ರಿ, ಅಷ್ಟೇ.

ಈ ಗುಳ್ಳೆ ಸದ್ದು ಬರುತ್ತಿದೆಯಲ್ಲ, ಏರ್ ಪಂಪ್. ಕ್ಷಮಿಸಿ, ಆಫ್ ಮಾಡಲು ಆಗುವುದಿಲ್ಲ. 25 ಡಿಗ್ರಿ ನೀರಲ್ಲಿ ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಕರಗುತ್ತದೆ, 30ಕ್ಕೆ 7.5ಕ್ಕೆ ಇಳಿಯುತ್ತದೆ. ಕಿವಿರು ಮೊದಲೇ ಹಾಳಾಗಿರುವ ಮೀನಿಗೆ ಇದೇನು ಸಣ್ಣ ಮಾತಲ್ಲ.

ಬಾಟಲಿ ಔಷಧಿ ಎಲ್ಲ ದಂಡ, ನನ್ನ ಕೇಳಿದರೆ ಉಪ್ಪು ಮತ್ತು ಬಿಸಿ ಸಾಕು. ಅಲ್ಲ, ತಡೀರಿ, ಪೂರ್ತಿ ದಂಡ ಅನ್ನಲಾರೆ. ಮೈತುಂಬ ಹತ್ತಿದ್ದರೆ ಮಲಾಕೈಟ್ ಗ್ರೀನ್ ಬೇಕೇ ಬೇಕು. ಆಗ ಗ್ಲೌಸ್ ಹಾಕಿಕೊಳ್ಳಿ, ತಿನ್ನುವ ಮೀನಿಗೆ ಅದನ್ನು ಬಳಸುವ ಹಾಗಿಲ್ಲ, ಅಷ್ಟು ವಿಷ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆಯಿರಿ, ಇಲ್ಲಾಂದರೆ ಔಷಧಿಯನ್ನು ಅದೇ ಕುಡಿದುಬಿಡುತ್ತದೆ. ಮೆಥಿಲೀನ್ ಬ್ಲೂ ಮಾತ್ರ ನನಗೆ ಬೇಡ, ಗಾಜಿನ ಅಂಚಿನ ಸಿಲಿಕಾನ್ ಎಲ್ಲ ನೀಲಿ ಆಗುತ್ತದೆ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ಪೈಪಿನಿಂದ ಮರಳು ಎಳೆಯುವುದು ಕಾಣುತ್ತಲೇ ಇದೆ, ಉದುರಿದ ಕವಚಗಳೂ ಕಸದ ಜೊತೆ ಹೋಗಲಿ ಅಂತ. ಹೊಸ ನೀರು ನಳದ್ದೇ. ಊರಿಗೆ ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಡ್ಯಾಮಿನ ನೀರು, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಬಾಯಿ ತೆರೆದ ಬ್ಯಾರಲ್‌ನಲ್ಲಿ ಒಂದು ದಿನ ಇಟ್ಟು, ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ ಹಾಕುತ್ತೇನೆ. ಮಳೆಗಾಲದಲ್ಲಿ ನಳ ಬರುವ ಹೊತ್ತಿನ ಬಗ್ಗೆ ಮಾತಾಡಲು ಶುರು ಮಾಡಿದರೆ ಇನ್ನೊಂದು ವಿಡಿಯೋ ಆಗುತ್ತದೆ, ಬಿಡಿ.

ಇದು ಆಮೇಲಿನ ಶಾಟ್. ಏಂಜಲ್ ರೆಕ್ಕೆ ಬಿಚ್ಚಿದೆ, ಊಟ ಮಾಡುತ್ತಿದೆ, ಚುಕ್ಕೆ ಇಲ್ಲ. ಇಲ್ಲೇ ಜನ ಹೀಟರ್ ಇಳಿಸಿ, ನೀರು ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ಮರಳಲ್ಲಿರುವುದು ಇನ್ನೂ ಒಡೆದಿಲ್ಲದಿರಬಹುದು. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ 30 ಡಿಗ್ರಿ, ಉಪ್ಪು, ಗಾಳಿ ಮೂರೂ ಹಾಗೇ ಇರಬೇಕು. ಆಮೇಲೆ ನಿಧಾನಕ್ಕೆ ಇಳಿಸುವುದು. ಆ ಟೆಟ್ರಾ ಬಾಲದಲ್ಲಿ ಇನ್ನೂ ಒಂದಿದೆ ನೋಡಿ, ಫೋಕಸ್ ಆಗಲ್ಲ ಅನ್ನುತ್ತಿದೆ. ತಮ್ಮನಿಗೆ ಬೇರೆ ಒಂದು ಪ್ಲಾಸ್ಟಿಕ್ ಟಬ್ ಕೊಡಿಸಿದ್ದೇನೆ, ಇನ್ನು ಮೇಲೆ ಹೊಸ ಮೀನು ಯಾವುದಿದ್ದರೂ ಮೂರ್ನಾಲ್ಕು ವಾರ ಅದರಲ್ಲೇ. ನಳ ಬಂತು ಅಂತ ಅವ್ವ ಕರೆಯುತ್ತಿದ್ದಾಳೆ, ಬ್ಯಾರಲ್ ತುಂಬಿಸಬೇಕು, ಕಟ್ ಮಾಡುತ್ತೇನೆ.