ಶುಂಠಿಯ ಸೊರಗು ರೋಗ ಮತ್ತು ಬ್ಯಾಕ್ಟೀರಿಯಾದ ಹೊರಪೊರೆ

ಆತ್ಮೀಯರೇ,

ಸಾಗರ, ಸೊರಬ, ಶಿಕಾರಿಪುರದ ಕಡೆಯಿಂದ ಶಿವಮೊಗ್ಗಕ್ಕೆ ಬಂದಿರುವ ನಿಮ್ಮಲ್ಲಿ ಶುಂಠಿ ಬೆಳೆದವರಿಗೆಲ್ಲ ದುಂಡಾಣು ಸೊರಗು ರೋಗದ ಪರಿಚಯವಿದ್ದೇ ಇರುತ್ತದೆ. ಮಳೆಗಾಲದಲ್ಲಿ ಎಲೆಗಳು ಅಂಚಿನಿಂದ ಹಳದಿಯಾಗಿ ಸುರುಳಿ ಸುತ್ತಿಕೊಳ್ಳುತ್ತವೆ, ನೋಡನೋಡುತ್ತಿದ್ದಂತೆ ಪಟ್ಟೆಯ ಉದ್ದಕ್ಕೂ ಗಿಡಗಳು ಬಾಡಿ ಮಲಗುತ್ತವೆ. ಅಂಥ ಗಿಡದ ಕಾಂಡವನ್ನು ಬುಡದ ಹತ್ತಿರ ಅಡ್ಡಲಾಗಿ ಕತ್ತರಿಸಿ, ಆ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ಹಿಡಿದರೆ, ಸ್ವಲ್ಪ ಹೊತ್ತಿಗೆ ಹಾಲಿನ ಬಣ್ಣದ ತೆಳ್ಳನೆಯ ಎಳೆಯೊಂದು ಅಲ್ಲಿಂದ ಕೆಳಕ್ಕಿಳಿಯುತ್ತದೆ. ಗಿಡದ ನೀರ್ಗೊಳವೆಗಳಲ್ಲಿ ತುಂಬಿಕೊಂಡಿದ್ದ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ, ಅದು ತನ್ನ ಸುತ್ತ ಸುರಿಸಿಕೊಂಡ ಸಕ್ಕರೆಸರಪಳಿಯ ಲೋಳೆಯ ಸಮೇತ ನೀರಿಗಿಳಿಯುವ ನೋಟವದು. ಲೋಳೆ ನೀರಿನ ದಾರಿಯನ್ನು ಮುಚ್ಚುತ್ತದೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಗಿಡದ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನೂ, ಗಿಡದ ರಕ್ಷಣೆಯನ್ನು ಕೆಡಿಸುವ ಪ್ರೋಟೀನುಗಳನ್ನೂ ಈ ಜೀವಿ ತನ್ನ ಮೈಯ ಒಳಗೆ ತಯಾರಿಸಿ ಹೊರಗೆ ಹೇಗೆ ದಾಟಿಸುತ್ತದೆ ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಇಂದು ನಾನು ಮಾತನಾಡುವುದು ಆ ಪ್ರಶ್ನೆಯನ್ನು ಕುರಿತು.

ನಮ್ಮ ಸೀಮೆಯ ಎಲ್ಲ ರೋಗಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಮಂಗನ ಕಾಯಿಲೆಗೆ ಕಾರಣ ವೈರಸ್ಸು. ಅಡಿಕೆಯ ಕೊಳೆರೋಗಕ್ಕೆ ಕಾರಣ ಶಿಲೀಂಧ್ರದಂತೆ ಕಾಣುವ ಫೈಟಾಫ್ತೊರಾ. ಶುಂಠಿಯ ಸೊರಗು, ಭತ್ತದ ದುಂಡಾಣು ಅಂಗಮಾರಿ, ಗದ್ದೆಯ ಕೆಸರಿನಿಂದ ಮನುಷ್ಯರಿಗೆ ತಗಲುವ ಇಲಿಜ್ವರ, ಕಾಲರಾ, ಟೈಫಾಯಿಡ್ ಇವೆಲ್ಲ ಎರಡು ಪೊರೆಗಳುಳ್ಳ ಬ್ಯಾಕ್ಟೀರಿಯಾಗಳಿಂದ ಬರುವಂಥವು.

ಎರಡು ಪೊರೆ ಎಂದೆ. ಒಳಪೊರೆಯ ರಚನೆ ನಮ್ಮ ಜೀವಕೋಶದ ಪೊರೆಯನ್ನು ಬಹಳಷ್ಟು ಹೋಲುತ್ತದೆ. ಅದರಾಚೆ ಪೆರಿಪ್ಲಾಸಮ್ ಎಂಬ ಕಿರಿದಾದ ಎಡೆ, ಅದರೊಳಗೆ ತೆಳುವಾದ ಭಿತ್ತಿ, ಅದಕ್ಕೂ ಆಚೆ ಹೊರಪೊರೆ. ಹೊರಪೊರೆಯ ಒಳಮೈಯಲ್ಲಿ ಸಾಮಾನ್ಯ ಫಾಸ್ಫೋಲಿಪಿಡ್‌ಗಳಿದ್ದರೆ ಹೊರಮೈಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ, ಒತ್ತೊತ್ತಾಗಿ ಹೆಣೆದುಕೊಂಡ ಅಣುಗಳಿವೆ. ಹಲವು ಆಂಟಿಬಯೋಟಿಕ್‌ಗಳು ಈ ಪದರದಲ್ಲೇ ತಡೆದು ನಿಲ್ಲುತ್ತವೆ. ಆಹಾರ ಒಳಬರಲು ಪೋರಿನ್ ಎಂಬ ಪ್ರೋಟೀನುಗಳ ರಂಧ್ರಗಳಿವೆ. ಅಣುಗಳ ತೂಕವನ್ನು ಡಾಲ್ಟನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸುಮಾರು 600 ಡಾಲ್ಟನ್‌ವರೆಗಿನ ಸಣ್ಣ ಅಣುಗಳು ಅವುಗಳ ಮೂಲಕ ತಾವಾಗಿಯೇ ಹರಿದಾಡುತ್ತವೆ. ಜೀವಕೋಶದ ಇಂಧನವಾದ ಎಟಿಪಿಯ ತೂಕ ಸುಮಾರು 507 ಡಾಲ್ಟನ್. ಅಂದರೆ ಪೆರಿಪ್ಲಾಸಮ್ಮಿನಲ್ಲಿ ಎಟಿಪಿಯನ್ನು ಇಟ್ಟರೆ ಅದು ಸೋರಿಹೋಗುತ್ತದೆ. ಆದ್ದರಿಂದ ಅಲ್ಲಿ ಎಟಿಪಿ ಇಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ. ಹೊರಪೊರೆಯಲ್ಲಿ ನಡೆಯುವ ಎಲ್ಲ ಕೆಲಸವೂ ಇಂಧನ ದೊರೆಯದ ಜಾಗದಲ್ಲಿ ನಡೆಯಬೇಕು, ಮತ್ತು ಈ ವಿಷಯದಲ್ಲಿ ನಾವು ಬೆರಗಾಗುವ ಪ್ರತಿಯೊಂದು ಸಂಗತಿಯೂ ಈ ಕೊರತೆಗೆ ಬ್ಯಾಕ್ಟೀರಿಯಾ ಕಂಡುಕೊಂಡ ಉತ್ತರವೇ ಆಗಿದೆ.

ಪೋರಿನ್ ಸಹ ಒಂದು ಪ್ರೋಟೀನೇ ತಾನೇ? ಒಳಗೆ, ಪ್ರೋಟೀನು ತಯಾರಿಸುವ ರೈಬೋಸೋಮಿನಲ್ಲಿ ಹುಟ್ಟಿದ ಅದು ಹೊರಪೊರೆಯನ್ನು ಸೇರುವುದು ಹೇಗೆ? ಮೊದಲ ಹೆಜ್ಜೆ ಒಳಪೊರೆಯನ್ನು ದಾಟುವುದು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಳಿ. ಹೊಸದಾಗಿ ಹುಟ್ಟಿದ ಸರಪಳಿಯ ತಲೆಯ ಭಾಗದಲ್ಲಿ ಸುಮಾರು 20 ಅಮೈನೋ ಆಮ್ಲಗಳ ವಿಳಾಸಚೀಟಿಯಿರುತ್ತದೆ. ಪ್ರೋಟೀನುಗಳು ತಮ್ಮ ವಿಳಾಸವನ್ನು ತಾವೇ ಹೊತ್ತಿರುತ್ತವೆ ಎಂಬುದನ್ನು ತೋರಿಸಿಕೊಟ್ಟ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಚೀಟಿಯನ್ನು ಗುರುತಿಸುವ ಸೆಕ್ ಎಂಬ ನಾಳದ ಮೂಲಕ, ಸೆಕ್‌ಎ ಎಂಬ ಯಂತ್ರ ಎಟಿಪಿಯನ್ನು ಖರ್ಚುಮಾಡುತ್ತ ಸರಪಳಿಯನ್ನು ಆಚೆಗೆ ನೂಕುತ್ತದೆ. ಆಚೆ ಬದಿಯಲ್ಲಿ ವಿಳಾಸಚೀಟಿಯನ್ನು ಕತ್ತರಿಸಿ ತೆಗೆಯಲಾಗುತ್ತದೆ. ಮಡಿಕೆಗೊಳ್ಳದ, ಉದ್ದನೆಯ, ನೀರಿನಲ್ಲಿ ಗಂಟುಕಟ್ಟಿಕೊಳ್ಳುವ ಅಪಾಯವಿರುವ ಈ ಸರಪಳಿಯನ್ನು ಪೆರಿಪ್ಲಾಸಮ್ಮಿನಲ್ಲಿ ಸರ್‌ಎ, ಎಸ್‌ಕೆಪಿ ಎಂಬ ಸಹಾಯಕ ಪ್ರೋಟೀನುಗಳು ಹಿಡಿದುಕೊಂಡು ಹೊರಪೊರೆಯವರೆಗೆ ತಲುಪಿಸುತ್ತವೆ. ದಾರಿಯಲ್ಲಿ ಕೆಟ್ಟದ್ದನ್ನು ಡೆಗ್‌ಪಿ ಎಂಬ ಕಿಣ್ವ ಕತ್ತರಿಸಿ ಹಾಕುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕು. ಪೊರೆಯಲ್ಲಿ ನೆಲೆಸುವ ಪ್ರೋಟೀನಿಗೆ ಜಿಡ್ಡಿನ ಸಹವಾಸ ಇಷ್ಟವಾಗಿರಬೇಕು; ಹಾಗಿದ್ದ ಮೇಲೆ ಅದು ಒಳಪೊರೆಯ ಜಿಡ್ಡಿನಲ್ಲೇ ಸಿಕ್ಕಿಕೊಳ್ಳದೆ ದಾಟಿ ಬಂದದ್ದು ಹೇಗೆ? ಒಳಪೊರೆಯ ಪ್ರೋಟೀನುಗಳಲ್ಲಿ ನೀರನ್ನೊಲ್ಲದ ಅಮೈನೋ ಆಮ್ಲಗಳು ಸಾಲಾಗಿ ಇಪ್ಪತ್ತರಷ್ಟು ಇರುತ್ತವೆ. ಅಂಥ ಸಾಲು ಕಂಡರೆ ಸೆಕ್ ನಾಳ ಪಕ್ಕಕ್ಕೆ ತೆರೆದು ಅದನ್ನು ಪೊರೆಯೊಳಗೆ ಬಿಟ್ಟುಬಿಡುತ್ತದೆ. ಹೊರಪೊರೆಯ ಪ್ರೋಟೀನುಗಳಲ್ಲಿ ನೀರನ್ನೊಪ್ಪುವ ಒಂದು, ಒಲ್ಲದ ಒಂದು ಎಂಬಂತೆ ಅವು ಒಂದು ಬಿಟ್ಟು ಒಂದು ಬರುತ್ತವೆ. ಬಿಡಿಸಿಟ್ಟ ಸರಪಳಿಯಲ್ಲಿ ಇದು ಪೊರೆಯ ಪ್ರೋಟೀನೆಂದು ಗೊತ್ತೇ ಆಗುವುದಿಲ್ಲ. ಸರಪಳಿ ಎಳೆಎಳೆಯಾಗಿ ಅಕ್ಕಪಕ್ಕ ಜೋಡಿಕೊಂಡು, ಕೊನೆಯ ಎಳೆ ಮೊದಲ ಎಳೆಯನ್ನು ಸೇರಿ ಪೀಪಾಯಿಯ ಆಕಾರವಾದಾಗ ಮಾತ್ರ ನೀರನ್ನೊಲ್ಲದವೆಲ್ಲ ಹೊರಮೈಗೂ ಒಪ್ಪುವವೆಲ್ಲ ಒಳಮೈಗೂ ತಿರುಗುತ್ತವೆ. ಇದಕ್ಕಿಂತ ಸೊಗಸಾದ ಪರಿಹಾರವನ್ನು ನಾನು ಜೀವರಸಾಯನ ವಿಜ್ಞಾನದಲ್ಲಿ ಹೆಚ್ಚು ಕಂಡಿಲ್ಲ. ಬ್ಯಾಕ್ಟೀರಿಯಾದ ಓಂಪ್‌ಎ ಪ್ರೋಟೀನಿನಲ್ಲಿ ಇಂಥ 8 ಎಳೆಗಳಿವೆ, ಓಂಪ್‌ಎಫ್ ಪೋರಿನ್ನಿನಲ್ಲಿ 16.

ಈ ಪೀಪಾಯಿಯನ್ನು ಹೊರಪೊರೆಯಲ್ಲಿ ಕೂರಿಸುವ ಯಂತ್ರದ ಹೆಸರು ಬ್ಯಾಮ್. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಇದಕ್ಕೆ ಬ್ಯಾಮ್‌ಎಯಿಂದ ಬ್ಯಾಮ್‌ಇಯವರೆಗೆ ಐದು ಅಂಗಗಳು. ಅವುಗಳಲ್ಲಿ ಬ್ಯಾಮ್‌ಎ ಮತ್ತು ಬ್ಯಾಮ್‌ಡಿ ಇಲ್ಲದೆ ಜೀವಿ ಬದುಕುವುದಿಲ್ಲ. ಬ್ಯಾಮ್‌ಎಯ ವಂಶದ ಪ್ರೋಟೀನಿಗೆ ಈ ಕೆಲಸವಿದೆ ಎಂದು ಮೆದುಳುಪೊರೆಯ ಉರಿಯೂತ ತರುವ ನೈಸೀರಿಯಾ ಬ್ಯಾಕ್ಟೀರಿಯಾದಲ್ಲಿ 2003ರಲ್ಲಿ ಗೊತ್ತಾಯಿತು. 2013ರಲ್ಲಿ ಅದರ ಆಕಾರ ಸ್ಪಷ್ಟವಾಗಿ ಕಂಡಿತು. ಬ್ಯಾಮ್‌ಎ ಸ್ವತಃ 16 ಎಳೆಗಳ ಪೀಪಾಯಿ. ಆದರೆ ಅದರ ಮೊದಲ ಎಳೆಗೂ ಹದಿನಾರನೆಯ ಎಳೆಗೂ ನಡುವಿನ ಬೆಸುಗೆ ಸಡಿಲ. ಆ ಹೊಲಿಗೆ ಬಿಚ್ಚಿಕೊಂಡು ಪಕ್ಕಕ್ಕೆ ತೆರೆದುಕೊಳ್ಳಬಲ್ಲದು. ಹೊಸ ಪ್ರೋಟೀನಿನ ಕೊನೆಯ ಎಳೆ ಬಂದು ಬ್ಯಾಮ್‌ಎಯ ತೆರೆದ ಮೊದಲ ಎಳೆಗೆ ಅಂಟಿಕೊಳ್ಳುತ್ತದೆ. ಬುಟ್ಟಿ ಹೆಣೆಯುವ ಮೇದಾರರು ಹೆಣೆದ ಅಂಚನ್ನೇ ಆಧಾರವಾಗಿಟ್ಟು ಮುಂದಿನ ಬಿದಿರಸೀಳನ್ನು ಕೂರಿಸುವಂತೆ, ಒಂದು ಎಳೆಯ ಅಂಚಿಗೆ ಇನ್ನೊಂದು ಎಳೆ ಸೇರುತ್ತ ಹೊಸ ಪೀಪಾಯಿ ಬೆಳೆಯುತ್ತದೆ. ಹೀಗೆ ಹಳೆಯ ಮತ್ತು ಹೊಸ ಪೀಪಾಯಿಗಳೆರಡೂ ಒಂದಕ್ಕೊಂದು ತೆರೆದು ಅಂಟಿಕೊಂಡಿರುವ ನಡುಘಟ್ಟದ ಚಿತ್ರವನ್ನೇ 2020ರಲ್ಲಿ ಸಂಶೋಧಕರು ಸೆರೆಹಿಡಿದರು. ಕೊನೆಗೆ ಹೊಸದು ತನ್ನ ಎರಡು ಅಂಚುಗಳನ್ನು ತಾನೇ ಜೋಡಿಸಿಕೊಂಡು ಕಳಚಿಕೊಳ್ಳುತ್ತದೆ. ಎಟಿಪಿ ಎಲ್ಲೂ ಖರ್ಚಾಗುವುದಿಲ್ಲ. ಬ್ಯಾಮ್‌ಎಯ ಹೊಲಿಗೆಯ ಪಕ್ಕದಲ್ಲಿ ಪೊರೆಯೇ ತೆಳುವಾಗಿರುತ್ತದೆ, ಮತ್ತು ಮಡಿಕೆಗೊಂಡ ಪೀಪಾಯಿ ಬಹಳ ಸ್ಥಿರವಾದ ವಸ್ತು; ಮಡಿಕೆಗೊಳ್ಳುತ್ತ ಆ ಸ್ಥಿರ ಸ್ಥಿತಿಯತ್ತ ಜಾರುವ ಇಳಿಜಾರೇ ಇಲ್ಲಿ ಕೆಲಸವನ್ನು ಮುಂದಕ್ಕೊಯ್ಯುತ್ತದೆ.

ನಮ್ಮ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾ ಮತ್ತು ಗಿಡದ ಹರಿತ್ತಿನ ಕಣಗಳು ಹಿಂದೊಮ್ಮೆ ಬ್ಯಾಕ್ಟೀರಿಯಾಗಳೇ ಆಗಿದ್ದವು. ಇದೇ ವಂಶದ ಪ್ರೋಟೀನು ಮೈಟೊಕಾಂಡ್ರಿಯಾದಲ್ಲಿ ಸ್ಯಾಮ್‌50 ಎಂಬ ಹೆಸರಿನಲ್ಲಿ, ಶುಂಠಿ ಎಲೆಯ ಹರಿತ್ತಿನ ಕಣಗಳಲ್ಲಿ ಟಾಕ್‌75 ಎಂಬ ಹೆಸರಿನಲ್ಲಿ ಇಂದಿಗೂ ದುಡಿಯುತ್ತಿದೆ. ರೋಗ ತರುವ ಜೀವಿಗೂ ರೋಗಕ್ಕೀಡಾದ ಗಿಡಕ್ಕೂ ಇಷ್ಟು ಹಳೆಯ ನಂಟಿದೆ.

ಇನ್ನು ಪ್ರೋಟೀನನ್ನು ಪೂರ್ತಿಯಾಗಿ ಹೊರಗೆ ಕಳಿಸುವ ಮಾತು. ಇದಕ್ಕೆ ಹಲವು ಬಗೆಯ ವ್ಯವಸ್ಥೆಗಳಿವೆ; ಎಲ್ಲವನ್ನೂ ಹೇಳಲು ಹೊರಟರೆ ಹೊತ್ತು ಸಾಲದು. ನೈಸೀರಿಯಾದ ಒಂದು ಕಿಣ್ವ ತನ್ನ ಬಾಲದಲ್ಲಿ ತನ್ನದೇ ಪೀಪಾಯಿಯನ್ನು ಹೊತ್ತು ತರುತ್ತದೆ, ಬ್ಯಾಮ್ ನೆರವಿನಿಂದ ಅದು ಪೊರೆಯಲ್ಲಿ ಕೂತ ಮೇಲೆ ತಲೆಯ ಭಾಗ ಹೊರಗೆ ದಾಟುತ್ತದೆ. ನಮ್ಮ ಶುಂಠಿಯ ಮಟ್ಟಿಗೆ ಮುಖ್ಯವಾದವು ಎರಡು. ಎರಡನೆಯ ಬಗೆಯ ಸ್ರಾವವ್ಯವಸ್ಥೆಯಲ್ಲಿ ಕಿಣ್ವಗಳು ಪೆರಿಪ್ಲಾಸಮ್ಮಿಗೆ ಬಂದು ಮಡಿಕೆಗೊಂಡು, ಆ ಮೇಲೆ ಸೆಕ್ರೆಟಿನ್ ಎಂಬ ಅಗಲವಾದ ಬಾಗಿಲಿನಿಂದ ಹೊರಬೀಳುತ್ತವೆ. ಬೇಕಾದ ಎಟಿಪಿ ಒಳಪೊರೆಯ ಒಳಬದಿಯಲ್ಲಿ ಖರ್ಚಾಗುತ್ತದೆ, ಒತ್ತಡ ಮಾತ್ರ ಹೊರಗಿನವರೆಗೆ ತಲುಪುತ್ತದೆ. ಪೆಕ್ಟಿನ್ ಮತ್ತು ಸೆಲ್ಯುಲೋಸನ್ನು ಒಡೆಯುವ ರಾಲ್‌ಸ್ಟೋನಿಯಾದ ಕಿಣ್ವಗಳು ಹೊರಬರುವುದು ಈ ದಾರಿಯಲ್ಲಿ. ಮೂರನೆಯ ಬಗೆಯದು ಎರಡೂ ಪೊರೆಗಳನ್ನು ಒಮ್ಮೆಗೇ ಹಾಯುವ ಟೊಳ್ಳು ಕೊಳವೆ. ಅದರ ಮೂಲಕ ಹತ್ತಾರು ಬಗೆಯ ಪ್ರೋಟೀನುಗಳು ನೇರವಾಗಿ ಗಿಡದ ಕೋಶದೊಳಕ್ಕೆ ಇಳಿಯುತ್ತವೆ. ಗಿಡದ ದಪ್ಪ ಭಿತ್ತಿಯನ್ನು ದಾಟಬೇಕಾದ್ದರಿಂದ, ಪ್ರಾಣಿಗಳನ್ನು ಕಾಡುವ ಸಾಲ್ಮೊನೆಲ್ಲಾದ ಸೂಜಿಗಿಂತ ಈ ಕೊಳವೆ ಬಹಳ ಉದ್ದ. ಈ ಕೊಳವೆಯ ಜೀನ್‌ಗಳನ್ನು ಕೆಡಿಸಿದ ರಾಲ್‌ಸ್ಟೋನಿಯಾ ಬದುಕುತ್ತದೆ, ಬೆಳೆಯುತ್ತದೆ, ರೋಗವನ್ನು ಮಾತ್ರ ತರಲಾರದು.

ಹೊರಗೆ ಬಿಟ್ಟ ಪ್ರೋಟೀನೇ ರೋಗದ ಕೈ ಎಂಬುದನ್ನು ಬಹಳ ನೇರವಾಗಿ ತೋರಿಸಿದವರು ನಮ್ಮ ದೇಶದವರೇ. ಕೋಲ್ಕತ್ತದ ಶಂಭುನಾಥ ಡೇ ಅವರು 1959ರಲ್ಲಿ, ಕಾಲರಾ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಮಾಡಿ, ಅದನ್ನು ಮೊಲದ ಕರುಳಿನ ಕಟ್ಟಿದ ಭಾಗಕ್ಕೆ ಸೇರಿಸಿದರು. ಕರುಳು ನೀರು ತುಂಬಿ ಉಬ್ಬಿತು. ಆ ವಿಷ ಹೊರಬರುವ ಬಾಗಿಲೂ ಎರಡನೆಯ ಬಗೆಯದ್ದೇ ಎಂದು ತಿಳಿದದ್ದು ಅನಂತರ. ಡೇ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡದಾಗಿ ಇರಬೇಕಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ.

ಔಷಧದ ದೃಷ್ಟಿಯಿಂದ ಬ್ಯಾಮ್‌ಎಗೆ ಒಂದು ವಿಶೇಷವಿದೆ: ಅದು ಹೊರಮೈಯಲ್ಲೇ ಇದೆ. ಅದನ್ನು ತಡೆಯುವ ಅಣು ಹೊರಪೊರೆಯನ್ನು ದಾಟುವ ಕಷ್ಟವನ್ನೇ ಪಡಬೇಕಾಗಿಲ್ಲ. 2019ರಲ್ಲಿ ಅಂಥ ಅಣುವೊಂದು ಸಿಕ್ಕಿತು. ಹೆಸರು ಡಾರೊಬ್ಯಾಕ್ಟಿನ್, ಕೇವಲ 7 ಅಮೈನೋ ಆಮ್ಲಗಳದ್ದು. ಅಡಿಕೆ ತೋಟದ ಗೊಣ್ಣೆಹುಳುವಿನ ಹತೋಟಿಗೆ ಮಣ್ಣಿಗೆ ಬಿಡುವ ಹೆಟೆರೊರ್‍ಯಾಬ್ಡಿಟಿಸ್ ಎಂಬ ಜಂತುಹುಳುಗಳ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅವುಗಳ ಕರುಳಿನಲ್ಲಿ ವಾಸಿಸುವ ಫೋಟೊರ್‍ಯಾಬ್ಡಸ್ ಎಂಬ ಬ್ಯಾಕ್ಟೀರಿಯಾದಿಂದಲೇ ಈ ಅಣುವನ್ನು ಪಡೆದದ್ದು. ಡಾರೊಬ್ಯಾಕ್ಟಿನ್ ಗಡುಸಾದ ಒಂದು ಎಳೆಯಂತಿದ್ದು, ಹೊಸ ಪ್ರೋಟೀನಿನ ಕೊನೆಯ ಎಳೆ ಅಂಟಬೇಕಾದ ಹೊಲಿಗೆಯ ಜಾಗದಲ್ಲೇ ಹೋಗಿ ಕೂರುತ್ತದೆ. ಹೊಸ ಪೀಪಾಯಿಗಳು ಕೂರುವುದು ನಿಲ್ಲುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಇಲಿಗಳಲ್ಲಿನ ಸೋಂಕಿನ ಮೇಲೆ ಇದು ಕೆಲಸ ಮಾಡಿದೆ. ಬ್ಯಾಮ್‌ಎಯನ್ನು ಬದಲಿಸಿಕೊಂಡು ಡಾರೊಬ್ಯಾಕ್ಟಿನ್‌ನಿಂದ ತಪ್ಪಿಸಿಕೊಂಡ ಇ. ಕೋಲೈಗಳೂ ಪ್ರಯೋಗದಲ್ಲಿ ಕಂಡುಬಂದವು. ಆದರೆ ಹೊಲಿಗೆಯನ್ನು ಹಾಗೆ ತಿದ್ದಿಕೊಂಡ ಆ ಬ್ಯಾಕ್ಟೀರಿಯಾಗಳಿಗೆ ಇಲಿಗಳಲ್ಲಿ ರೋಗ ಉಂಟುಮಾಡುವ ಶಕ್ತಿ ಉಳಿದಿರಲಿಲ್ಲ.