ವಿಶೇಷ ಸಂಚಿಕೆ ಕಟ್ಟುವ ಕೆಲಸ: ಅತಿಥಿ ಸಂಪಾದಕರಾಗುವವರಿಗೆ

ಸಭೆಗೆ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದ ಕಡೆ ಜರ್ನಲ್‌ನ ವಿಶೇಷ ಸಂಚಿಕೆ ಹುಟ್ಟುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಎರಡು ದಿನದ ವಿಚಾರ ಸಂಕಿರಣ ನಡೆಯುತ್ತದೆ, ಹತ್ತಾರು ಪ್ರಬಂಧ ಮಂಡನೆಯಾಗುತ್ತವೆ, ಸಮಾರೋಪದ ವೇದಿಕೆಯಲ್ಲಿ ‘ಇವೆಲ್ಲ ವಿಶೇಷ ಸಂಚಿಕೆಯಾಗಿ ಬರಲಿವೆ’ ಎಂದು ಯಾರೋ ಘೋಷಿಸುತ್ತಾರೆ. ಅಲ್ಲಿಗೆ ಸಂಪಾದಕರ ಕೈ ಕಟ್ಟಿಹಾಕಿದ ಹಾಗೆ. ನೋಂದಣಿ ಶುಲ್ಕ ಕಟ್ಟಿದವರಿಗೆಲ್ಲ ತಮ್ಮ ಲೇಖನ ಅಚ್ಚಾಗಬೇಕೆಂಬ ಹಕ್ಕು ಬಂದುಬಿಟ್ಟಿರುತ್ತದೆ. ಆ ಪ್ರಬಂಧಗಳನ್ನು ಸೇರಿಸಿ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಪಡೆದು, ಸಂಕಿರಣದ ಸಂಪುಟ ಎಂದೇ ತನ್ನಿ, ಅದರಲ್ಲಿ ತಪ್ಪೇನಿಲ್ಲ. ವಿಶೇಷ ಸಂಚಿಕೆ ಎಂಬುದು ಬೇರೆ. ಒಂದೇ ಪ್ರಶ್ನೆಯನ್ನು ಏಳೆಂಟು ಜನ ಬೇರೆ ಬೇರೆ ಕಡೆಯಿಂದ ಹಿಡಿದು ನೋಡುವುದು ಅದು. ‘ಇದು ಬೇಡ’ ಎನ್ನುವ ಅಧಿಕಾರ ಆ ಒಂದು ಸಂಚಿಕೆಯ ಕೆಲಸ ಹೊತ್ತ ಅತಿಥಿ ಸಂಪಾದಕರಿಗೆ ಉಳಿದಿದ್ದರೆ ಮಾತ್ರ ಅದು ನಡೆಯುತ್ತದೆ. ನಾನು ಇಂದು ಹೇಳುವುದೆಲ್ಲ ಆ ಅಧಿಕಾರವನ್ನು ಮೊದಲ ದಿನದಿಂದ ಉಳಿಸಿಕೊಳ್ಳುವುದು ಹೇಗೆ ಎಂಬ ಬಗ್ಗೆ.

ನಮ್ಮ ಕಡೆಯದೇ ಒಂದು ವಿಷಯ ಇಟ್ಟುಕೊಂಡು ನೋಡೋಣ: ನೀರು. ‘ನೀರಾವರಿ ಮತ್ತು ಸಮಾಜ’ ಎಂದು ಕರೆ ಕೊಟ್ಟರೆ ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು. ಯಾವುದನ್ನೂ ‘ವಿಷಯಕ್ಕೆ ಹೊರತು’ ಎಂದು ಹಿಂತಿರುಗಿಸಲು ಆಧಾರ ಇರುವುದಿಲ್ಲ. ‘ಸೂಳೆಕೆರೆಯ ತೂಬುಗಳು’ ಎಂದರೆ ಬರೆಯಬಲ್ಲವರು ಇಬ್ಬರೋ ಮೂವರೋ. ನಡುವೆ ನಿಲ್ಲುವ ಪ್ರಶ್ನೆ ಹೀಗಿರಬಹುದು: ಬಯಲುಸೀಮೆಯಲ್ಲಿ ಕೆರೆ, ಕಟ್ಟೆ, ಜಲಾಶಯಗಳ ಉಸ್ತುವಾರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅದರಿಂದ ನೀರಿನ ಹಂಚಿಕೆ ಹೇಗೆ ಬದಲಾಯಿತು? ಈಗ ಶಾಸನತಜ್ಞರು ಕೆರೆಯ ನಿರ್ವಹಣೆಗೆಂದು ಬಿಟ್ಟ ಬಿತ್ತುವಟ್ಟದ ದತ್ತಿಗಳನ್ನು ಹಿಡಿದು ಬರೆಯಬಹುದು, ಸಮಾಜಶಾಸ್ತ್ರದವರು ಗದ್ದೆಗಳಿಗೆ ನೀರು ಬಿಡುವ ನೀರಗಂಟಿಗಳ ಬಗ್ಗೆ ಬರೆಯಬಹುದು, ಎಂಜಿನಿಯರುಗಳು ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಬಗ್ಗೆ, ಅರ್ಥಶಾಸ್ತ್ರದವರು ಚನ್ನಗಿರಿಯ ಅಡಿಕೆ ತೋಟಗಳ ಬಗ್ಗೆ. ದುರ್ಗದ ಕೋಟೆಯ ಹೊಂಡಗಳಿಗೂ ಜಾಗ ಇದೆ. ಕೆರೆ ಹಬ್ಬದ ಹಾಡುಗಳ ಲೇಖನ ಬಂದರೆ? ಉಸ್ತುವಾರಿಯ ಪ್ರಶ್ನೆಗೆ ತಾಗಿದರೆ ಒಳಗೆ, ಬರೀ ಸಂಗ್ರಹವಾಗಿದ್ದರೆ ಹೊರಗೆ. ಹೀಗೆ ತೀರ್ಮಾನಿಸಲು ಬರುವಂತಿದ್ದರೆ ವಿಷಯ ಸರಿಯಾಗಿ ಕೂತಿದೆ ಎಂದು ತಿಳಿಯಿರಿ.

ಜರ್ನಲ್‌ನ ಪ್ರಧಾನ ಸಂಪಾದಕರಿಗೆ ಕಳಿಸುವ ಪ್ರಸ್ತಾವನೆ ಎರಡು ಪುಟ ಸಾಕು. ಪ್ರಶ್ನೆ ಏನು, ಈಗ ಯಾಕೆ, ಉಪವಿಷಯ ನಾಲ್ಕೋ ಐದೋ, ಬರೆಯಬಲ್ಲ ಆರೇಳು ಜನರ ಹೆಸರು, ವೇಳಾಪಟ್ಟಿ. ಆ ಆರೇಳು ಹೆಸರಿನಲ್ಲಿ ನಿಮ್ಮದೇ ಸಂಸ್ಥೆಯವರು ಇಬ್ಬರಿಗಿಂತ ಹೆಚ್ಚಿದ್ದರೆ ಪ್ರಸ್ತಾವನೆಯನ್ನು ಮತ್ತೆ ಬರೆಯಿರಿ.

ಪ್ರಧಾನ ಸಂಪಾದಕರು ಒಪ್ಪಿದ ಮೇಲೆ ಕೆಲವು ಮಾತು ಬರಹದಲ್ಲೇ ಆಗಬೇಕು, ಫೋನಿನಲ್ಲಿ ಅಲ್ಲ. ಕೊನೆಯ ತೀರ್ಮಾನ ಯಾರದು? ಒಟ್ಟು ಎಷ್ಟು ಪುಟ? ಲೇಖಕರಿಂದ ಹಣ ಪಡೆಯುತ್ತಾರೆಯೇ, ಎಷ್ಟು? ಕನ್ನಡ ಲೇಖನಕ್ಕೆ ಇಂಗ್ಲಿಷ್ ಸಾರಾಂಶ ಬೇಕೇ? ಪ್ರತಿ ಲೇಖನಕ್ಕೆ ಡಿಒಐ, ಅಂದರೆ ಅಂತರ್ಜಾಲದ ಶಾಶ್ವತ ಗುರುತಿನ ಸಂಖ್ಯೆ, ಸಿಗುತ್ತದೆಯೇ? ಲೇಖನಗಳು ಸಾಲದೆ ಹೋದರೆ ಸಂಚಿಕೆ ರದ್ದೋ, ಸಾಮಾನ್ಯ ಸಂಚಿಕೆಯೊಳಗೆ ಒಂದು ವಿಭಾಗವೋ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದಾಗ ಪುಟ ತುಂಬಿಸಲು ದುರ್ಬಲ ಲೇಖನಗಳನ್ನು ಎಳೆದು ತರುವ ಪರಿಸ್ಥಿತಿ ಬರುತ್ತದೆ. ಅತಿಥಿ ಸಂಪಾದಕರಿದ್ದರೂ ಸಂಚಿಕೆಯ ಪೂರ್ತಿ ಹೊಣೆ ಪ್ರಧಾನ ಸಂಪಾದಕರದೇ ಎಂದು ಮುಕ್ತ ಜರ್ನಲ್‌ಗಳ ಸೂಚಿಯಾದ ಡಿಒಎಜೆ ಹೇಳುತ್ತದೆ. ಅತಿಥಿ ಸಂಪಾದಕರ ಸ್ವಂತ ಲೇಖನಗಳು ಸಂಚಿಕೆಯ ಶೇ. 25ನ್ನು ಮೀರಬಾರದು, ಅವುಗಳ ಪರಿಶೀಲನೆ ಬೇರೆಯವರಿಂದಲೇ ನಡೆಯಬೇಕು ಎಂಬ ನಿಯಮವೂ ಅಲ್ಲಿದೆ. ಎಂಟು ಲೇಖನದ ಸಂಚಿಕೆಯಲ್ಲಿ ಅದು ಎರಡು. ನನ್ನ ಸಲಹೆ ಒಂದು, ಅಥವಾ ಪೀಠಿಕೆ ಮಾತ್ರ.

ಇಷ್ಟು ಬಿಗಿ ಯಾಕೆ ಎನ್ನುವವರು ಹಿಂದಾವಿ ಪ್ರಕಾಶನದ ಕತೆ ನೋಡಬೇಕು. 2023ರ ಒಂದೇ ವರ್ಷದಲ್ಲಿ ಅದರ ಜರ್ನಲ್‌ಗಳಿಂದ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆದರು. ಬಹುಪಾಲು ವಿಶೇಷ ಸಂಚಿಕೆಗಳವು. ಲೇಖನ ತಯಾರಿಸಿ ಮಾರುವ ಜಾಲಗಳು ಅತಿಥಿ ಸಂಪಾದಕರ ಬಾಗಿಲಿನಿಂದಲೇ ಒಳಗೆ ಬಂದಿದ್ದವು, ಲೇಖನ ಓದಿ ಅಭಿಪ್ರಾಯ ಕೊಡುವ ಪರಿಶೀಲಕರೂ ಆ ಜಾಲದವರೇ. ಅದನ್ನು ಕೊಂಡಿದ್ದ ವೈಲಿ ಸಂಸ್ಥೆ ಕೊನೆಗೆ ಹಿಂದಾವಿ ಎಂಬ ಹೆಸರನ್ನೇ ಕೈಬಿಟ್ಟಿತು. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ, ಯಾವ ಜರ್ನಲ್ ನಂಬುವಂಥದ್ದು ಎಂದು ತೂಗುವ ಕೆಲಸ ಸಂಸ್ಥೆಗಳ, ಅಧ್ಯಾಪಕರ ತಲೆಗೇ ಬಂದಿದೆ. ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಜರ್ನಲ್‌ನಿಂದ ‘ತಾವು ಅತಿಥಿ ಸಂಪಾದಕರಾಗಬೇಕು, ಹತ್ತು ಲೇಖನ ತಂದರೆ ತಮ್ಮ ಲೇಖನಕ್ಕೆ ಶುಲ್ಕವಿಲ್ಲ’ ಎಂಬ ಮೇಲ್ ಬಂದರೆ ಉತ್ತರವನ್ನೂ ಕೊಡಬೇಡಿ.

ಲೆಕ್ಕಕ್ಕೆ ಬರೋಣ. ಎಂಟು ಒಳ್ಳೆಯ ಲೇಖನ ಬೇಕಿದ್ದರೆ ಮೂವತ್ತರ ಹತ್ತಿರ ಸಾರಾಂಶ ಬರುವಂತೆ ಕರೆಯನ್ನು ಹರಡಿ. ಮುನ್ನೂರು ಪದದ ಮಿತಿ ಇರಲಿ; ‘ಆಕರ ಯಾವುದು, ಎಲ್ಲಿದೆ, ನೋಡಿದ್ದೀರಾ’ ಎಂಬ ಒಂದು ಸಾಲು ಕಡ್ಡಾಯವಾಗಿರಲಿ. ಬರೀ ಉತ್ಸಾಹದ ಸಾರಾಂಶಗಳು ಆ ಒಂದು ಸಾಲಿನಲ್ಲೇ ಉದುರುತ್ತವೆ. ಹದಿನೇಳು ಹದಿನೆಂಟು ಜನರಿಗೆ ಪೂರ್ತಿ ಲೇಖನ ಕೇಳಿದರೆ, ಹದಿನಾಲ್ಕು ಕೈಸೇರುತ್ತವೆ ಎಂದು ಹಿಡಿಯಿರಿ. ಕರೆಯಿಂದ ಅಚ್ಚಿಗೆ ಹದಿನಾಲ್ಕರಿಂದ ಹದಿನೆಂಟು ತಿಂಗಳು ಬೇಕು. ಬರೆಯಲು ಐದು ತಿಂಗಳು, ಪರಿಶೀಲನೆಗೆ ಎರಡರಿಂದ ಮೂರು, ತಿದ್ದುಪಡಿಗೆ ಎರಡು, ಎರಡನೇ ಸುತ್ತಿಗೆ ಒಂದೂವರೆ. ಮಿಕ್ಕದ್ದು ಭಾಷೆ ತಿದ್ದುವುದು, ಪ್ರೂಫು, ಪುಟವಿನ್ಯಾಸ. ಕೊನೆಯ ದಿನಾಂಕವನ್ನು ಪರೀಕ್ಷೆ, ಮೌಲ್ಯಮಾಪನದ ತಿಂಗಳಿಗೆ ಇಡಬೇಡಿ. ಬರುವ ಲೇಖನವೂ ಬರುವುದಿಲ್ಲ, ಓದುವ ಪರಿಶೀಲಕರೂ ಸಿಗುವುದಿಲ್ಲ.

ಕಷ್ಟ ಇರುವುದು ಪರಿಶೀಲಕರಲ್ಲಿ. ಒಂದು ಲೇಖನಕ್ಕೆ ಇಬ್ಬರು ಬೇಕು. ಇಬ್ಬರು ಒಪ್ಪಬೇಕಾದರೆ ಐದಾರು ಜನರನ್ನು ಕೇಳಬೇಕಾಗುತ್ತದೆ. ಆದ್ದರಿಂದ ಲೇಖನಗಳು ಬರುವ ಮೊದಲೇ ನಲವತ್ತು ಹೆಸರಿನ ಪಟ್ಟಿ ಸಿದ್ಧ ಇರಲಿ. ಎದುರಿಗೆ ವಿಷಯ, ಸಂಸ್ಥೆಯ ಇ-ಮೇಲ್, ಯಾರ ಗೈಡು, ಯಾರ ವಿದ್ಯಾರ್ಥಿ ಎಂಬ ಅಂಕಣಗಳಿರಲಿ. ಗೈಡ್ ಅಂಕಣ ನೋಡಿ ನಗಬೇಡಿ. ಕನ್ನಡದಲ್ಲಿ ಒಂದು ವಿಷಯ ಬಲ್ಲವರು ಇಪ್ಪತ್ತು ಮೂವತ್ತು ಜನ ಇದ್ದರೆ, ಅವರಲ್ಲಿ ಗುರು-ಶಿಷ್ಯ, ಬೀಗ-ನೆಂಟ, ಹಳೆ ಜಗಳ ಎಲ್ಲವೂ ಇರುತ್ತವೆ. ಇದೇ ಸಂಚಿಕೆಗೆ ಬರೆಯುತ್ತಿರುವವರಿಗೆ ಇದೇ ಸಂಚಿಕೆಯ ಲೇಖನ ಕಳಿಸಬೇಡಿ. ‘ನೀನು ನನ್ನದು ನೋಡು, ನಾನು ನಿನ್ನದು ನೋಡುತ್ತೇನೆ’ ಎಂಬ ಬಳಗ ಹುಟ್ಟುವುದು ಹಾಗೆಯೇ. ಲೇಖಕರೇ ಸೂಚಿಸಿದ ಪರಿಶೀಲಕರ ವಿಳಾಸ ಜಿಮೇಲ್‌ನದಾಗಿದ್ದರೆ, ಆ ವ್ಯಕ್ತಿಯ ಸಂಸ್ಥೆಯ ಪುಟದಲ್ಲಿರುವ ವಿಳಾಸಕ್ಕೇ ಬರೆದು ಖಚಿತಪಡಿಸಿಕೊಳ್ಳಿ.

ಪರಿಶೀಲಕರಿಗೆ ಲೇಖಕರ ಹೆಸರು ಮರೆಮಾಡುವುದೆಂದರೆ ಮೊದಲ ಪುಟದ ಹೆಸರು ಅಳಿಸುವುದಷ್ಟೇ ಅಲ್ಲ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ಉಳಿದಿರುತ್ತದೆ; ಅಡಿಟಿಪ್ಪಣಿಯಲ್ಲಿ ‘ನನ್ನ ಪಿಎಚ್.ಡಿ. ಪ್ರಬಂಧ ನೋಡಿ’ ಎಂದಿರುತ್ತದೆ. ಕೃತಜ್ಞತೆಯಲ್ಲಿ ಇಡೀ ವಿಭಾಗದ ಹೆಸರಿರುತ್ತದೆ. ಇಷ್ಟೆಲ್ಲ ತೆಗೆದರೂ ಕ್ಷೇತ್ರಕಾರ್ಯ ನಡೆದ ಊರಿನ ಹೆಸರು ನೋಡಿಯೇ ಪರಿಶೀಲಕರು ಗುರುತು ಹಿಡಿಯಬಹುದು. ಹಾಗಾದಾಗ ತಿಳಿಸಿ ಎಂದು ಪತ್ರದಲ್ಲೇ ಕೇಳಿ. ‘ಲೇಖನ ಚೆನ್ನಾಗಿದೆ, ಪ್ರಕಟಿಸಬಹುದು’ ಎಂಬ ಎರಡು ಸಾಲಿನ ವರದಿ ವರದಿಯಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಬ್ಬರು ಹೌದು, ಒಬ್ಬರು ಬೇಡ ಎಂದಾಗ ಎರಡನ್ನೂ ಕೂಡಿಸಿ ಭಾಗಿಸಲು ಬರುವುದಿಲ್ಲ. ವಾದಕ್ಕೆ ಆಧಾರ ಇಲ್ಲವೆಂಬುದು ತಕರಾರೋ, ವಾದವೇ ಇಷ್ಟವಿಲ್ಲವೆಂಬುದೋ ಎಂದು ನೀವೇ ಲೇಖನ ಓದಿ ನೋಡಬೇಕು, ಇಲ್ಲವೇ ಮೂರನೆಯವರಿಗೆ ಕಳಿಸಬೇಕು.

ತಿರಸ್ಕಾರದ ಪತ್ರವನ್ನು ತಡ ಮಾಡದೆ ಬರೆಯಿರಿ. ಹಿರಿಯರಿಗೆ ಬರೆಯುವಾಗಲೂ ಕಾರಣ ಎರಡು ವಾಕ್ಯದಲ್ಲಿ ಸ್ಪಷ್ಟ ಇರಲಿ, ಗೌರವ ಭಾಷೆಯಲ್ಲಿರಲಿ. ಆರು ತಿಂಗಳು ಸುಮ್ಮನಿದ್ದು ಆಮೇಲೆ ‘ಪುಟ ಸಾಲಲಿಲ್ಲ ಸಾರ್’ ಎನ್ನುವುದು ಅವರಿಗೆ ಮಾಡುವ ಅವಮಾನ.

ಕನ್ನಡದ ಸಂಚಿಕೆಗೆ ಅದರದೇ ಆದ ಒಂದು ತೊಡಕಿದೆ: ಫಾಂಟು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿ ಟೈಪಾದ ಲೇಖನವನ್ನು ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ, ನಡುವೆ ಬಂದ ಇಂಗ್ಲಿಷ್ ಪದಗಳು ಕೆಡುತ್ತವೆ. ಶಾಸನದ ಹಳಗನ್ನಡ ಪಾಠದಲ್ಲಿ ಱ, ೞ ಅಕ್ಷರಗಳು ಉಳಿದಿವೆಯೇ ಎಂದು ಮೂಲದೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ ನೋಡಬೇಕು. ಇನ್ನೊಂದು ಸೂಕ್ಷ್ಮ: ಆಸ್ಕಿ ಫಾಂಟಿನ ಪಠ್ಯ ಕಂಪ್ಯೂಟರಿಗೆ ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳು. ಕೃತಿಚೌರ್ಯ ಹಿಡಿಯುವ ಹೋಲಿಕೆ ತಪಾಸಣೆಗೆ ಹಾಕಿದರೆ ಶೇ. 0 ಎಂದು ಬರಬಹುದು. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ನಿಜ, ಆದರೆ ಸೊನ್ನೆ ಕಂಡರೆ ಸಂತೋಷಪಡುವ ಮೊದಲು ಫೈಲು ಯೂನಿಕೋಡ್ ಹೌದೋ ಅಲ್ಲವೋ ನೋಡಿ. ಇಂಗ್ಲಿಷಿನಿಂದ ಅನುವಾದಿಸಿ ಕದ್ದದ್ದನ್ನು ಹಿಡಿಯುವುದು ತಂತ್ರಾಂಶಕ್ಕೆ ಇನ್ನೂ ಕಷ್ಟ. ವಾಕ್ಯ ಕನ್ನಡದಂತೆ ನಡೆಯದೆ, ಟಿಪ್ಪಣಿಗಳೆಲ್ಲ ಒಂದೇ ಇಂಗ್ಲಿಷ್ ಪುಸ್ತಕದ ಆಕರಗಳಾಗಿದ್ದರೆ ಆ ಪುಸ್ತಕ ತೆಗೆದು ನೋಡಿ.

ಲೇಖನಗಳನ್ನು ಒಂದರ ಪಕ್ಕ ಒಂದಿಟ್ಟು ಓದುವ ಕೆಲಸ ಪರಿಶೀಲಕರು ಮಾಡಲಾರರು, ಅವರು ಒಂದನ್ನಷ್ಟೇ ನೋಡಿರುತ್ತಾರೆ. ಇದು ಅತಿಥಿ ಸಂಪಾದಕರದೇ ಕೆಲಸ. ಉದಾಹರಣೆಗೆ, ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಒಬ್ಬರು 1951ರ ‘ಚಿತ್ರದುರ್ಗ ಜಿಲ್ಲೆ’ಯ ನೀರಾವರಿ ಕ್ಷೇತ್ರವನ್ನು 2011ರ ಚಿತ್ರದುರ್ಗದೊಂದಿಗೆ ಹೋಲಿಸಿದರೆ, ನೀರಾವರಿ ಕುಸಿದಂತೆ ಕಾಣುತ್ತದೆ; ಕುಸಿದದ್ದು ಗಡಿ. ಚನ್ನಗಿರಿ, ಹೊನ್ನಾಳಿ ಅದಕ್ಕೆ ಮೊದಲು ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮರಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ಅಂಕಿಅಂಶವೆಲ್ಲ ತಾಲ್ಲೂಕುವಾರು ಇರಲಿ ಎಂದು ಕರೆಯಲ್ಲೇ ಹೇಳುವುದು ಒಳ್ಳೆಯದು. ಶಾಸನ ಉಲ್ಲೇಖಕ್ಕೂ ಇದೇ ಗೊಂದಲ: ಶಾಸನಪಾಠಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಮುದ್ರಣದಲ್ಲಿ ಚಿತ್ರದುರ್ಗ, ದಾವಣಗೆರೆಯ ಶಾಸನಗಳು 11ನೇ ಸಂಪುಟದಲ್ಲಿದ್ದರೆ ಚನ್ನಗಿರಿಯವು 7ರಲ್ಲಿವೆ, ಮೈಸೂರಿನಿಂದ ಬಂದ ಪರಿಷ್ಕೃತ ಮುದ್ರಣದ ಸಂಪುಟ ಸಂಖ್ಯೆಗಳು ಬೇರೆ. ಯಾವ ಮುದ್ರಣ ಎಂದು ಹೇಳದ ಉಲ್ಲೇಖ ಓದುಗರನ್ನು ತಪ್ಪು ಪುಸ್ತಕಕ್ಕೆ ಕಳಿಸುತ್ತದೆ. ನೀರಿನ ಅಳತೆಯೂ ಅಷ್ಟೆ. ಒಬ್ಬರು ಟಿಎಂಸಿ, ಇನ್ನೊಬ್ಬರು ದಶಲಕ್ಷ ಘನ ಮೀಟರ್ ಬರೆದರೆ ಹೋಲಿಕೆ ಸಾಧ್ಯವಿಲ್ಲ. ಒಂದು ಟಿಎಂಸಿ ಅಂದರೆ ಸುಮಾರು 28.3 ದಶಲಕ್ಷ ಘನ ಮೀಟರ್; ಒಂದನ್ನು ಆರಿಸಿ ಎಲ್ಲರಿಗೂ ತಿಳಿಸಿ.

ಪೀಠಿಕೆಯನ್ನು ಕೊನೆಗೆ ಬರೆಯಿರಿ, ಎರಡು ಸಾವಿರ ಪದದೊಳಗೆ. ಪ್ರತಿ ಲೇಖನಕ್ಕೂ ಒಂದು ಪ್ಯಾರಾ ಹೊಗಳಿಕೆ ಕೊಡುವ ಪೀಠಿಕೆಯನ್ನು ಯಾರೂ ಓದುವುದಿಲ್ಲ. ಸಾರಾಂಶಗಳು ಹೇಗೂ ಇವೆ. ಶಾಸನದವರ ಲೇಖನವೂ ಎಂಜಿನಿಯರರ ಲೇಖನವೂ ಎಲ್ಲಿ ಪರಸ್ಪರ ಒಪ್ಪುವುದಿಲ್ಲ, ಯಾವ ಉಪವಿಷಯಕ್ಕೆ ಲೇಖನವೇ ಬರಲಿಲ್ಲ, ಯಾಕೆ ಎಂಬುದನ್ನು ಬರೆಯಿರಿ.

ಅಚ್ಚಾದ ಮೇಲೆ ತಪ್ಪು ಸಿಕ್ಕರೆ ಸದ್ದಿಲ್ಲದೆ ಪಿಡಿಎಫ್ ಬದಲಿಸಬಾರದು. ಏನನ್ನು, ಯಾವಾಗ ತಿದ್ದಲಾಯಿತು ಎಂಬ ಟಿಪ್ಪಣಿ ಆ ಲೇಖನದ ಪುಟದಲ್ಲೇ ಕಾಣಬೇಕು. ಪರಿಶೀಲನಾ ವರದಿ, ಪತ್ರವ್ಯವಹಾರ, ಲೇಖನದ ಎಲ್ಲ ಆವೃತ್ತಿಗಳನ್ನು ಒಂದು ಫೋಲ್ಡರಿಗೆ ಹಾಕಿ ಪ್ರಧಾನ ಸಂಪಾದಕರಿಗೆ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ಎರಡು ವರ್ಷದ ನಂತರ ಯಾರೋ ದೂರು ಕೊಟ್ಟಾಗ ಅತಿಥಿ ಸಂಪಾದಕರು ವರ್ಗಾವಣೆಯಾಗಿ ಬೇರೆ ಊರಿನಲ್ಲಿರುತ್ತಾರೆ, ಹಳೆಯ ಇ-ಮೇಲ್‌ನ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ.