ಇವತ್ತು ಸಂಜೆಯವರೆಗೆ ಮಾತ್ರ

ಕೇಳುಗರಿಗೆಲ್ಲ ನಮಸ್ಕಾರ.

ಹಾಸನದಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಈಗ 71 ವರ್ಷ. ಮಧ್ಯಾಹ್ನ ಊಟ ಆದ ಮೇಲೆ ಪೇಪರನ್ನು ಎದೆ ಮೇಲಿಟ್ಟುಕೊಂಡು ಅರ್ಧ ಗಂಟೆ ಕಣ್ಣು ಮುಚ್ಚುತ್ತಾರೆ. 2025ರ ಆಷಾಢದಲ್ಲಿ ಒಂದು ದಿನ ಸರಿಯಾಗಿ ಆ ಹೊತ್ತಿಗೆ ಅವರ ಫೋನ್ ರಿಂಗ್ ಆಯಿತು.

ಆ ಕಡೆ ಒಬ್ಬ ಹುಡುಗಿ. ಒಂದು ದೊಡ್ಡ ಹೋಟೆಲ್ ಕಂಪನಿಯ ಹೆಸರು ಹೇಳಿದಳು. ಊರೂರಲ್ಲಿ ಹೋಟೆಲ್ ಇರುವ ಕಂಪನಿ. "ಸರ್, ನೀವು ನಮ್ಮಲ್ಲಿ ಉಳಿದುಕೊಂಡಿದ್ದಿರಿ. ನಿಮ್ಮನ್ನ ಸ್ಪೆಷಲ್ ಗೆಸ್ಟ್ ಅಂತ ಸೆಲೆಕ್ಟ್ ಮಾಡಿದ್ದೀವಿ" ಎಂದಳು. ಉಳಿದುಕೊಂಡಿದ್ದು ನಿಜ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ನೆಂಟರ ಮದುವೆ ಇತ್ತು. ಗಂಡಿನ ಕಡೆಯವರು ರೂಮು ಮಾಡಿಕೊಟ್ಟಿದ್ದರು. ಒಂದೇ ಒಂದು ರಾತ್ರಿ. ಕೌಂಟರಿನಲ್ಲಿ ಫಾರಂ ಕೊಟ್ಟರು, ಚಿಕ್ಕಪ್ಪ ದುಂಡಗೆ ತಮ್ಮ ಫೋನ್ ನಂಬರು ಬರೆದರು.

ಆ ಕರೆ ನಡೆದಿದ್ದು 26 ನಿಮಿಷ. ಮೆಂಬರ್‌ಶಿಪ್ ಕಾರ್ಡಿಗೆ ಎಂಟು ಸಾವಿರ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 9,440 ರೂಪಾಯಿ. ಊಟಕ್ಕೆ ಅರ್ಧ ರೇಟು, ಒಂದು ರಾತ್ರಿ ರೂಮು ಫ್ರೀ. ಆದರೆ ಇವತ್ತು ಸಂಜೆಯವರೆಗೆ ಮಾತ್ರ. ಚಿಕ್ಕಪ್ಪ ಮೂರು ಸಲ ಬೇಡ ಅಂದರಂತೆ. ಬೇಡ ಅಂದಾಗೆಲ್ಲ ಅವಳ ಹತ್ತಿರ ಹೊಸ ಮಾತು ಇರುತ್ತಿತ್ತು. ಕೊನೆಗೆ, "ಮನೇಲಿ ಒಂದು ಮಾತು ಕೇಳಿ ಹೇಳ್ತೀನಮ್ಮ" ಅಂದರು. ಅದಕ್ಕೆ ಅವಳು, "ಏನ್ ಸರ್, ಇಷ್ಟು ಚಿಕ್ಕ ವಿಷಯಕ್ಕೂ ಮನೇಲಿ ಕೇಳ್ತೀರಾ? ನಿಮ್ಮ ಮನೇಲಿ ನಿರ್ಧಾರ ಮಾಡೋರು ನೀವಲ್ವಾ?" ಅಂದಳು.

ಆ ಒಂದು ಮಾತಿಗೆ ಅವರು ಸೋತರು. ಕಾರ್ಡ್ ನಂಬರು ಹೇಳಿದರು. ಬ್ಯಾಂಕಿನಿಂದ ಬಂದ ಓಟಿಪಿಯನ್ನೂ ಹೇಳಿಬಿಟ್ಟರು.

ನಾಲ್ಕು ದಿನ ಚಿಕ್ಕಮ್ಮನಿಗೂ ಬಾಯಿ ಬಿಡಲಿಲ್ಲ. ಐದನೇ ದಿನ ಕೊರಿಯರಿನಲ್ಲಿ ದಪ್ಪ ಲಕೋಟೆ ಬಂತು. ಮಿಂಚುವ ಕಾರ್ಡು, ಕೂಪನ್ನುಗಳು. ನಾನು ಅವತ್ತು ಅಲ್ಲೇ ಇದ್ದೆ. ಜೊತೆಗಿದ್ದ ಸಣ್ಣ ಅಕ್ಷರದ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಅರ್ಧ ರೇಟು ಅಂದರೆ, ಸರಿಯಾಗಿ ಇಬ್ಬರು ಕೂತು ಉಂಡರೆ ಮಾತ್ರ. ಮೂವರಾದರೆ ಮೂರರಲ್ಲಿ ಒಂದು ಪಾಲು ಬಿಡುತ್ತಾರೆ. ನಾಲ್ವರಾದರೆ ಕಾಲು ಪಾಲು. ಚಿಕ್ಕಪ್ಪನ ಮನೆಯಲ್ಲಿ ಐದು ಜನ, ಅವರಿಗೆ ಸಿಗುವುದು ಶೇಕಡಾ 20. ಫ್ರೀ ರೂಮು ಶನಿವಾರ, ಭಾನುವಾರ ಇಲ್ಲ, ಹಬ್ಬದ ದಿನ ಇಲ್ಲ. ಹತ್ತಿರದ ಹೋಟೆಲ್ ಅಂದರೆ ಬೆಂಗಳೂರು, ಹೆಚ್ಚುಕಡಿಮೆ 180 ಕಿಲೋಮೀಟರ್. ಇದರಲ್ಲಿ ಒಂದನ್ನೂ ಫೋನಿನಲ್ಲಿ ಹೇಳಿರಲಿಲ್ಲ.

"ನನ್ನದೇ ತಪ್ಪು ಬಿಡು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದೋನು ನಾನು" ಎಂದರು ಚಿಕ್ಕಪ್ಪ. ಅವರ ಮುಖ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ದುಡ್ಡು ಹೋಗಿದ್ದಕ್ಕಿಂತ ನಾಚಿಕೆ ಜಾಸ್ತಿ ಆಗಿತ್ತು ಅವರಿಗೆ. ಓಟಿಪಿ ಹೇಳಬಾರದಿತ್ತು, ಸರಿ. ಆದರೆ ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡಬಾರದು ಅಂತ ಬೆಳೆದ ಮನುಷ್ಯ ಅವರು. ಆ ದಾಕ್ಷಿಣ್ಯ ತಪ್ಪಲ್ಲ. ಆ ದಾಕ್ಷಿಣ್ಯ ಎಲ್ಲಿದೆ ಅಂತ ಹುಡುಕಿ, ಅಲ್ಲಿಗೇ ಕೈ ಹಾಕುವ ವ್ಯಾಪಾರ ತಪ್ಪು. ಅದಕ್ಕೇ ನಾನು, "ದೂರು ಕೊಡೋಣ ಚಿಕ್ಕಪ್ಪ" ಅಂದೆ.

ಮೊದಲು ಹೋಟೆಲಿನವರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆವು. ಮೆಂಬರ್‌ಶಿಪ್ ಹಣ ವಾಪಸ್ ಬರುವುದಿಲ್ಲ ಎಂದರು. ಎರಡನೇ ಸಲವೂ ಅದೇ ಮಾತು. ಆಮೇಲೆ ಕಂಪನಿಯ ಮುಖ್ಯ ಕಚೇರಿಗೇ ಪತ್ರ ಬರೆದೆವು. ಇಮೇಲೂ ಕಳಿಸಿದೆವು, ಸ್ಪೀಡ್ ಪೋಸ್ಟೂ ಮಾಡಿದೆವು.

ಪತ್ರದಲ್ಲಿ ಬೈಗುಳ ಇರಲಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿನಿಂದ ಕರೆ ಬಂತು ಎಂದು ಬರೆದೆವು. ಮೂರು ಸಲ ಬೇಡ ಅಂದಿದ್ದು, ಮನೆಯ ಮಾತು ಎತ್ತಿದ್ದು, ಎಲ್ಲವನ್ನೂ ಅವಳ ಮಾತಿನಲ್ಲೇ ಬರೆದೆವು. ಕರೆ ಶುರುವಾದಾಗ "ಈ ಕರೆ ರೆಕಾರ್ಡ್ ಆಗುತ್ತಿದೆ" ಎಂದು ಅವರೇ ಹೇಳಿದ್ದರು. ಅದು ನಮಗೆ ಅನುಕೂಲವಾಯಿತು. "ಆ ರೆಕಾರ್ಡಿಂಗ್ ಅಳಿಸಬೇಡಿ. ನಿಮ್ಮ ದೊಡ್ಡ ಅಧಿಕಾರಿಯೊಬ್ಬರು ಕೂತು 26 ನಿಮಿಷವೂ ಕೇಳಲಿ" ಎಂದು ಬರೆದೆವು. ಕೇಳಿದ್ದು ಮೂರು. ಪೂರ್ತಿ ಹಣ 15 ದಿನದೊಳಗೆ ವಾಪಸ್ ಬರಬೇಕು. ಇನ್ನು ಮುಂದೆ ಕರೆ ಬರಬಾರದು. ಮೂರನೆಯದು, ಒಂದು ರಾತ್ರಿ ಉಳಿಯಲು ಬರೆದುಕೊಟ್ಟ ನಂಬರು ಮಾರಾಟದವರ ಕೈಗೆ ಹೋಗಿದ್ದು ಹೇಗೆ?

ನಾನು ಆ ಹುಡುಗಿಯ ಹೆಸರನ್ನೂ ಬರೆದಿದ್ದೆ. ಚಿಕ್ಕಪ್ಪ ಪೆನ್ನು ತೆಗೆದುಕೊಂಡು ಹೊಡೆದು ಹಾಕಿದರು. "ಅವಳಿಗೆ ದಿನಕ್ಕೆ ಇಷ್ಟು ಅಂತ ಟಾರ್ಗೆಟ್ ಹಾಕಿರ್ತಾರೆ. ಆ ಮಾತು ಬರೆದುಕೊಟ್ಟೋರು ಬೇರೆ. ಕೆಲಸ ಮಾತ್ರ ಇವಳದ್ದು ಹೋಗತ್ತೆ" ಎಂದರು. ನನಗೂ ಸರಿ ಅನ್ನಿಸಿತು.

ಇನ್ನೊಂದು ಕೆಲಸ ಮಾಡಿದೆವು. ಮಾರಾಟದ ಕರೆಗಳು 140ರಿಂದ ಶುರುವಾಗುವ ನಂಬರಿನಿಂದ ಬರಬೇಕು ಅಂತ ನಿಯಮ ಇದೆ. ಇದು ಬಂದಿದ್ದು ನಮ್ಮ ನಿಮ್ಮಂಥ ಸಾಮಾನ್ಯ ಹತ್ತು ಅಂಕಿಯ ಮೊಬೈಲಿನಿಂದ. ಇಂಥ ಕರೆ ಬಂದರೆ 1909ಕ್ಕೆ ದೂರು ಕೊಡಬಹುದು, ನಾವೂ ಕೊಟ್ಟೆವು. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು. 2025ರಲ್ಲಿ ಟ್ರಾಯ್, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಅದನ್ನು ಏಳು ದಿನ ಮಾಡಿದೆ. ನಾಲ್ಕು ದಿನ ಸುಮ್ನೆ ಇದ್ದ ನಮ್ಮ ಚಿಕ್ಕಪ್ಪನಂಥವರಿಗೆ ಇದು ದೊಡ್ಡ ಉಪಕಾರ. ಕರೆಗಳು ಬೇಡ ಅಂತ ಮೊದಲೇ ನೋಂದಾಯಿಸಿರದಿದ್ದರೂ ಇಂಥ ನಂಬರಿನ ಮೇಲೆ ಈಗ ದೂರು ನಡೆಯುತ್ತದೆ.

ಎಂಟನೇ ದಿನ ಹೋಟೆಲಿನವರ ಉತ್ತರ ಬಂತು. ಕರೆ ಮಾಡಿದ್ದು ತಮ್ಮ ನೌಕರರಲ್ಲ, ಹೊರಗಿನ ಏಜೆನ್ಸಿ ಅಂತೆ. ಓದಿ ನನಗೆ ಸಿಟ್ಟು ಬಂತು. ಹೆಸರು ನಿಮ್ಮದು, ಕಾರ್ಡಿನ ಮೇಲಿನ ಮುದ್ರೆ ನಿಮ್ಮದು, ನಂಬರು ಕೊಟ್ಟಿದ್ದು ನಿಮ್ಮ ಕೌಂಟರಿನಲ್ಲಿ. ಜವಾಬ್ದಾರಿ ಮಾತ್ರ ಬೇರೆಯವರದ್ದಾ?

ಅವತ್ತೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಿದರು. ಅದು ಕೋರ್ಟಲ್ಲ, ತೀರ್ಪು ಕೊಡುವುದಿಲ್ಲ. ದೂರನ್ನು ಬರೆದುಕೊಂಡು, ಒಂದು ನಂಬರು ಕೊಟ್ಟು, ಕಂಪನಿಗೆ ಕಳಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಎಂದು ಹೋಟೆಲಿಗೆ ಮತ್ತೆ ಬರೆದೆವು. ಬೆದರಿಕೆಗೆ ಬರೆದದ್ದಲ್ಲ, ಹೋಗುವವರೇ ಇದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರುವ ಊರಿನಲ್ಲೇ ಕೇಸು ಹಾಕಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಫೀಸಿಲ್ಲ. ವಕೀಲರಿಲ್ಲದೆ ನಾವೇ ವಾದ ಮಾಡಬಹುದು.

ಪತ್ರ ಹೋಗಿ 19ನೇ ದಿನ 9,440 ರೂಪಾಯಿ ಚಿಕ್ಕಪ್ಪನ ಖಾತೆಗೆ ವಾಪಸ್ ಬಂತು. ಪೈಸೆ ಕಡಿಮೆ ಇಲ್ಲ. ಬ್ಯಾಂಕಿನ ಮೆಸೇಜನ್ನು ಚಿಕ್ಕಮ್ಮನಿಗೆ ಎರಡು ಸಲ ಓದಿ ಹೇಳಿದರು. ಆಮೇಲೆ ಕರೆಗಳೂ ನಿಂತವು.

ಮೂರನೇ ಪ್ರಶ್ನೆಗೆ ಮಾತ್ರ ಉತ್ತರ ಬರಲೇ ಇಲ್ಲ. ನಂಬಿ ಕೊಟ್ಟ ಸ್ವಂತ ವಿವರವನ್ನು ಕಾನೂನು ಮೀರಿ ಇನ್ನೊಬ್ಬರಿಗೆ ಕೊಡುವುದು ಅನುಚಿತ ವ್ಯಾಪಾರ ಅಂತ ಅದೇ ಕಾಯ್ದೆಯಲ್ಲಿ ಬರೆದಿದೆ. ನಾನು ದುಡ್ಡು ಬಂತಲ್ಲ, ಸಾಕು ಅಂದೆ. ಚಿಕ್ಕಪ್ಪ ಒಪ್ಪಲಿಲ್ಲ. "ಆ ಮದುವೆಗೆ ಬಂದೋರೆಲ್ಲ ಅದೇ ಫಾರಂ ತುಂಬಿದ್ದಾರೆ ಕಣಮ್ಮ. ನನ್ನೊಬ್ಬನ ನಂಬರ್ ತೆಗೆದರೆ ಆಯ್ತಾ?" ಎಂದರು. ಈ ಸಲ ಪತ್ರವನ್ನು ಅವರೇ ಬರೆದರು. ಒಂದೇ ಹಾಳೆ, ಅದೇ ದುಂಡು ಅಕ್ಷರ. ಸ್ಪೀಡ್ ಪೋಸ್ಟಿನ ರಸೀತಿಯನ್ನು ಫೋನಿನ ಕವರಿನೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಉತ್ತರಕ್ಕೆ ಕಾಯುತ್ತಿದ್ದೇವೆ.

ನಮಸ್ಕಾರ.